ಸಿಹಿಗೆ ಹೆಸರಾದ ಟೊಕಾಯ್‌ನಲ್ಲಿ ಸಿಹಿಯೇ ಇಲ್ಲದ ವೈನ್

ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ಪ್ರವಾಸ ಹೋಗಿದ್ದ ನಮ್ಮ ನೆಂಟರೊಬ್ಬರು ಬರುವಾಗ ಒಂದು ಬಾಟಲಿ ಬಿಳಿ ವೈನ್ ತಂದಿದ್ದರು. ಲೇಬಲ್ ಮೇಲೆ ‘ಟೊಕಾಯಿ’ ಅಂತ ದೊಡ್ಡದಾಗಿ ಬರೆದಿತ್ತು. ಟೊಕಾಯ್ ಅಂದರೆ ಜೇನಿನಂಥ ಸಿಹಿ ವೈನ್ ಅಂತ ಅವರು ಎಲ್ಲೋ ಓದಿದ್ದರು. ಊಟ ಮುಗಿಸಿ, ಕೇಸರಿಬಾತ್ ಜೊತೆ ಕುಡಿಯೋಣ ಅಂತ ಬಾಟಲಿ ತೆರೆದರು. ಒಂದು ಗುಟುಕಿಗೇ ಮುಖ ಕಿವುಚಿದರು. ಹುಳಿ ಹುಳಿ. ಸಿಹಿಯ ಸುಳಿವೇ ಇಲ್ಲ. ಕೆಟ್ಟುಹೋಗಿದೆ ಅಂದುಕೊಂಡು ಬಾಟಲಿಯನ್ನು ಪಕ್ಕಕ್ಕಿಟ್ಟರು.

ವೈನ್ ಕೆಟ್ಟಿರಲಿಲ್ಲ. ಲೇಬಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಪದ ಇತ್ತು: ‘ಸಾರಜ್’. ಹಂಗೇರಿಯನ್ ಭಾಷೆಯಲ್ಲಿ ಹಾಗಂದರೆ ‘ಒಣ’, ಅಂದರೆ ಡ್ರೈ.

ಭಾರತದಲ್ಲಿ ಆಮದು ವೈನ್ ಮೇಲಿನ ಕಸ್ಟಮ್ಸ್ ಸುಂಕ ಬಹಳ ವರ್ಷ ಶೇ. 150ರಷ್ಟಿತ್ತು. ಯುರೋಪಿನ ಜೊತೆಗಿನ ವ್ಯಾಪಾರ ಒಪ್ಪಂದದ ಮಾತು ಬಂದಾಗಲೆಲ್ಲ ಈ ಸುಂಕವೂ ಸುದ್ದಿಗೆ ಬರುತ್ತಿತ್ತು. ಯುರೋಪಿಗೆ ಓದಲು, ಕೆಲಸಕ್ಕೆ, ಪ್ರವಾಸಕ್ಕೆ ಹೋಗುವ ನಮ್ಮವರೂ ಜಾಸ್ತಿ ಆಗಿದ್ದಾರೆ. ಹಾಗಾಗಿ ಇಂಥ ಬಾಟಲಿ ಇನ್ನೂ ಹಲವರ ಕೈಗೆ ಬರಬಹುದು. ಅದರಲ್ಲಿ ಏನಿದೆ, ಯಾಕೆ ಹಾಗಿದೆ ಅನ್ನೋದನ್ನು ಮೊದಲಿನಿಂದ ನೋಡೋಣ.

ಕುಡಿಯುವ ಪದಾರ್ಥ ‘ಒಣ’ ಆಗೋದು ಹೇಗೆ?

ನಮ್ಮಲ್ಲಿ ತುಂಬಾ ಜನರಿಗೆ ವೈನ್ ಅಂದರೆ ಸಿಹಿ. ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲಿ ಮಾಡುವ ದ್ರಾಕ್ಷಿ ವೈನ್ ಸಿಹಿ. ಗೋವಾದಿಂದ ತರುವ ಪೋರ್ಟ್ ವೈನ್ ಸಿಹಿ. ಹೀಗಿರುವಾಗ ‘ಡ್ರೈ’ ಅನ್ನುವ ಪದ ಗೊಂದಲ ಹುಟ್ಟಿಸುವುದು ಸಹಜ.

ದೋಸೆ ಹಿಟ್ಟನ್ನು ನೆನಪು ಮಾಡಿಕೊಳ್ಳಿ. ರಾತ್ರಿ ರುಬ್ಬಿಟ್ಟರೆ ಬೆಳಗ್ಗೆ ಉಬ್ಬಿ, ಹುಳಿ ಬಂದಿರುತ್ತದೆ. ಕಣ್ಣಿಗೆ ಕಾಣದ ಜೀವಿಗಳು ಹಿಟ್ಟಿನಲ್ಲಿರುವುದನ್ನು ತಿಂದು ಗಾಳಿ ಬಿಟ್ಟಿರುತ್ತವೆ. ದ್ರಾಕ್ಷಿ ರಸದಲ್ಲೂ ಇಂಥದ್ದೇ ಕೆಲಸ ನಡೆಯುತ್ತದೆ. ಇಲ್ಲಿ ಕೆಲಸ ಮಾಡುವುದು ಯೀಸ್ಟ್. ಅದು ರಸದಲ್ಲಿನ ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹೀಗೆ ಖರ್ಚಾದರೆ ಮದ್ಯಸಾರ ಶೇ. 1ರಷ್ಟು ಏರುತ್ತದೆ. ಲೀಟರಿಗೆ 220 ಗ್ರಾಂ ಸಕ್ಕರೆ ಇರುವ ರಸದಲ್ಲಿ ಯೀಸ್ಟ್ ಎಲ್ಲವನ್ನೂ ತಿಂದು ಮುಗಿಸಿದರೆ ಶೇ. 13ರ ಹತ್ತಿರದ ವೈನ್ ಆಗುತ್ತದೆ. ಸಕ್ಕರೆ ಹೋಯಿತು, ಸಿಹಿಯೂ ಹೋಯಿತು. ಹೀಗೆ ಸಿಹಿ ಉಳಿಯದ ವೈನೇ ಒಣ ವೈನ್.

ಯುರೋಪಿನ ನಿಯಮದ ಪ್ರಕಾರ ಒಣ ವೈನ್‌ನಲ್ಲಿ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಉಳಿದಿರಬಹುದು. ಹುಳಿ ಜಾಸ್ತಿ ಇರುವ ವೈನ್ ಆದರೆ 9 ಗ್ರಾಂವರೆಗೂ ಬಿಡುತ್ತಾರೆ, ಯಾಕೆಂದರೆ ಹುಳಿಯ ಮಧ್ಯೆ ಆ ಸಿಹಿ ನಾಲಿಗೆಗೆ ಗೊತ್ತಾಗುವುದಿಲ್ಲ. 4 ಗ್ರಾಂ ಅಂದರೆ ಒಂದು ಲೀಟರಿಗೆ ಒಂದು ಚಿಕ್ಕ ಚಮಚ ಸಕ್ಕರೆ, ಅಷ್ಟೇ.

ಒಣ ಅಂದರೆ ಒಗರು ಅಂತ ಕೆಲವರು ತಿಳಿಯುತ್ತಾರೆ. ಅದು ಬೇರೆ, ಇದು ಬೇರೆ. ಎಳೆ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದುಕೊಳ್ಳುತ್ತಲ್ವಾ, ಅದು ಒಗರು. ವೈನ್‌ನಲ್ಲಿ ಅದು ಮುಖ್ಯವಾಗಿ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ. ಬಿಳಿ ವೈನ್ ಮಾಡುವಾಗ ದ್ರಾಕ್ಷಿ ಹಿಂಡಿ, ಸಿಪ್ಪೆ ತೆಗೆದು, ಬರೀ ರಸವನ್ನು ಹುದುಗಿಸುತ್ತಾರೆ. ಹಾಗಾಗಿ ಒಗರು ಕಡಿಮೆ. ಸಿಹಿ ಇಲ್ಲದಿರುವುದಕ್ಕೆ ಮಾತ್ರ ‘ಒಣ’ ಎಂಬ ಹೆಸರು.

ಟೊಕಾಯ್ ಎಲ್ಲಿದೆ?

ಹಂಗೇರಿಯ ಈಶಾನ್ಯ ಮೂಲೆಯಲ್ಲಿ, ಬುಡಾಪೆಸ್ಟ್‌ನಿಂದ ಸುಮಾರು 200 ಕಿ.ಮೀ. ದೂರದಲ್ಲಿ ಜೆಂಪ್ಲೇನ್ ಎಂಬ ಬೆಟ್ಟಸಾಲಿದೆ. ಅದರ ಬುಡದಲ್ಲಿ ಬೊದ್ರೊಗ್ ಮತ್ತು ತಿಸಾ ಎಂಬ ಎರಡು ನದಿಗಳು ಕೂಡುತ್ತವೆ. ಆ ಕೂಡುವ ಜಾಗದಲ್ಲಿರುವ ಸಣ್ಣ ಪಟ್ಟಣ ಟೊಕಾಯ್. ವೈನ್ ಪ್ರದೇಶಕ್ಕೆ ಈ ಪಟ್ಟಣದ ಹೆಸರೇ ಇದೆ, ಆದರೆ ಪ್ರದೇಶ ದೊಡ್ಡದು. ಮಾದ್, ತಾಯ್ಯ, ತೊಲ್ಚ್ವ ಮುಂತಾದ 27 ಊರುಗಳು ಅದರಲ್ಲಿ ಸೇರಿವೆ.

ಲೇಬಲ್ ಮೇಲಿನ ‘ಟೊಕಾಯಿ’ ಅಂದರೆ ‘ಟೊಕಾಯ್‌ನ’ ಅಂತ ಅರ್ಥ. ನಾವು ‘ಮೈಸೂರಿನ’ ಅನ್ನುವ ಹಾಗೆ. ಅದು ಊರಿನ ಗುರುತೇ ಹೊರತು ರುಚಿಯ ಗುರುತಲ್ಲ. ನಮ್ಮ ನೆಂಟರು ಎಡವಿದ್ದು ಇಲ್ಲೇ.

ಹಂಗೇರಿಯವರಿಗೆ ಈ ಜಾಗದ ಮೇಲೆ ಎಷ್ಟು ಅಭಿಮಾನ ಅಂದರೆ, ಅವರ ರಾಷ್ಟ್ರಗೀತೆಯಲ್ಲೇ ಟೊಕಾಯ್ ಬಳ್ಳಿಗಳ ಮಾತು ಬರುತ್ತದೆ. ಯಾವ ಯಾವ ಊರಿನ ವೈನ್‌ಗೆ ಈ ಹೆಸರು ಸಲ್ಲಬೇಕು ಅಂತ 1737ರಲ್ಲೇ ರಾಜಾಜ್ಞೆಯ ಮೂಲಕ ಗಡಿ ಹಾಕಿದ್ದರು. ಲೋಕದಲ್ಲಿ ಹೀಗೆ ಗಡಿ ಗುರುತಿಸಿಕೊಂಡ ಮೊದಲ ಕೆಲವೇ ವೈನ್ ಪ್ರದೇಶಗಳಲ್ಲಿ ಇದೂ ಒಂದು. 2002ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಂಜನಗೂಡು ರಸಬಾಳೆ ಅನ್ನುವ ಹೆಸರನ್ನು ಬೇರೆ ಊರಿನ ಬಾಳೆಗೆ ಹಾಕಬಾರದು ಅಲ್ವಾ? ಇದೂ ಹಾಗೇ. ಇಟಲಿಯಲ್ಲಿ ‘ತೊಕಾಯ್ ಫ್ರಿಯುಲಾನೊ’ ಅಂತ ಒಂದು ವೈನ್ ಇತ್ತು. ಫ್ರಾನ್ಸಿನ ಅಲ್ಸೇಸ್‌ನಲ್ಲೂ ಒಂದು ವೈನ್‌ಗೆ ಟೊಕಾಯ್ ಹೆಸರಿತ್ತು. 2007ರಿಂದ ಇಬ್ಬರೂ ಆ ಪದ ಕೈಬಿಡಬೇಕಾಯಿತು.

ಆ ಹೆಸರಾಂತ ಸಿಹಿ ಬಂದದ್ದು ಬೂಷ್ಟಿನಿಂದ

ಒಣ ವೈನ್ ಅರ್ಥ ಆಗಬೇಕಾದರೆ ಅಲ್ಲಿನ ಸಿಹಿ ವೈನ್ ಹೇಗೆ ಆಗುತ್ತದೆ ಅಂತ ತಿಳಿದಿರಬೇಕು. ಎರಡಕ್ಕೂ ಬಳ್ಳಿ ಒಂದೇ.

ಶರತ್ಕಾಲದ ಬೆಳಗಿನಲ್ಲಿ ಆ ಎರಡು ನದಿಗಳಿಂದ ಮಂಜು ಎದ್ದು ತೋಟಗಳ ಮೇಲೆ ಕವಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಂದು ಒಣಗಿಸುತ್ತದೆ. ಒದ್ದೆ, ಬಿಸಿಲು, ಒದ್ದೆ, ಬಿಸಿಲು. ಇಂಥ ಹವೆಯಲ್ಲಿ ಬೊಟ್ರೈಟಿಸ್ ಎಂಬ ಒಂದು ಬಗೆಯ ಬೂಷ್ಟು ಮಾಗಿದ ದ್ರಾಕ್ಷಿಯನ್ನು ಹಿಡಿಯುತ್ತದೆ. ಬೇರೆ ಎಷ್ಟೋ ಕಡೆ ಆಗಿದ್ದರೆ ಬೆಳೆ ಹಾಳಾಯಿತು ಅಂತ ರೈತ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದ. ಇಲ್ಲಿ ಅದಕ್ಕಾಗಿಯೇ ಕಾಯುತ್ತಾರೆ. ಬೂಷ್ಟು ಹಣ್ಣಿನ ಸಿಪ್ಪೆಯಲ್ಲಿ ಕಾಣದಷ್ಟು ಸಣ್ಣ ತೂತು ಮಾಡುತ್ತದೆ. ಅದರಿಂದ ನೀರಿನಂಶ ಆರಿಹೋಗಿ ಹಣ್ಣು ಒಣದ್ರಾಕ್ಷಿಯಂತೆ ಸುಕ್ಕುತ್ತದೆ. ಒಳಗೆ ಸಕ್ಕರೆ, ಹುಳಿ, ಪರಿಮಳ ಎಲ್ಲ ಗಟ್ಟಿಯಾಗಿ ಉಳಿಯುತ್ತವೆ. ಇಂಥ ಹಣ್ಣಿಗೆ ‘ಅಸೂ’ ಅಂತ ಹೆಸರು.

ಅಸೂ ಹಣ್ಣುಗಳನ್ನು ಒಂದೊಂದಾಗಿ ಕೈಯಲ್ಲಿ ಆರಿಸುತ್ತಾರೆ. ಅವನ್ನು ರಸದಲ್ಲೋ ವೈನ್‌ನಲ್ಲೋ ನೆನೆಸಿ, ಹಿಂಡಿ, ಹುದುಗಿಸುತ್ತಾರೆ. ಸಕ್ಕರೆ ಎಷ್ಟು ಇರುತ್ತದೆ ಅಂದರೆ ಯೀಸ್ಟ್‌ಗೆ ತಿಂದು ಮುಗಿಸಲು ಆಗುವುದಿಲ್ಲ. ಅರ್ಧದಲ್ಲೇ ಸೋತು ನಿಲ್ಲುತ್ತದೆ. ಈಗಿನ ನಿಯಮದಂತೆ ಅಸೂ ವೈನ್‌ನಲ್ಲಿ ಲೀಟರಿಗೆ ಕಡೇಪಕ್ಷ 120 ಗ್ರಾಂ ಸಕ್ಕರೆ ಉಳಿದಿರಬೇಕು. ಒಣ ವೈನ್‌ಗೆ ಒಂದು ಚಮಚ ಅಂದೆವಲ್ಲ, ಇಲ್ಲಿ ಮೂವತ್ತರ ಹತ್ತಿರ. ಹಣ್ಣಿನ ಭಾರಕ್ಕೇ ತಾನಾಗಿ ತೊಟ್ಟಿಕ್ಕುವ ರಸದಿಂದ ಮಾಡುವ ‘ಎಸೆನ್ಸಿಯಾ’ದಲ್ಲಿ 450 ಗ್ರಾಂಗೂ ಮೇಲೆ ಇರುತ್ತದೆ. ಅದನ್ನು ಲೋಟದಲ್ಲಲ್ಲ, ಚಮಚದಲ್ಲಿ ಕೊಡುವ ರೂಢಿ ಇದೆ.

ಫುರ್ಮಿಂಟ್ ಎಂಬ ದ್ರಾಕ್ಷಿ

ಟೊಕಾಯ್‌ನಲ್ಲಿ ಆರು ತಳಿಯ ಬಿಳಿ ದ್ರಾಕ್ಷಿಗೆ ಅನುಮತಿ ಇದೆ. ಅದರಲ್ಲಿ ದೊಡ್ಡಣ್ಣ ಫುರ್ಮಿಂಟ್. ಅರ್ಧಕ್ಕಿಂತ ಹೆಚ್ಚು ತೋಟ ಅದರದ್ದೇ. ಎರಡನೆಯದು ಹಾರ್ಶ್‌ಲೆವೆಲ್ಯೂ. ಹೆಸರಿನ ಅರ್ಥ ‘ಲಿಂಡನ್ ಮರದ ಎಲೆ’. ಲಿಂಡನ್ ಹೂವಿನ ಜೇನಿನಂಥ ಪರಿಮಳ ಅದರ ಗುಣ. ಮೂರನೆಯದು ಹಳದಿ ಮಸ್ಕಟ್. ಉಳಿದ ಮೂರನ್ನು ಬೆಳೆಯುವುದು ಕಡಿಮೆ.

ಫುರ್ಮಿಂಟ್ ತಡವಾಗಿ ಮಾಗುವ ತಳಿ. ಪರಿಮಳ ಜೋರಾಗಿ ಮೂಗಿಗೆ ಹೊಡೆಯುವುದಿಲ್ಲ. ಹಸಿರು ಸೇಬು, ಪೇರ್ ಹಣ್ಣು, ಕೆಲವೊಮ್ಮೆ ಸ್ವಲ್ಪ ಹೊಗೆಯಂಥ ವಾಸನೆ. ಅದರ ನಿಜವಾದ ಬಲ ಹುಳಿ. ಪೂರ್ತಿ ಮಾಗಿ ಸಕ್ಕರೆ ತುಂಬಿದ ಮೇಲೂ ಹುಳಿ ಬಿಟ್ಟುಕೊಡುವುದಿಲ್ಲ.

ನಮ್ಮ ಪಾನಕವನ್ನೇ ತೆಗೆದುಕೊಳ್ಳಿ. ಬೆಲ್ಲ, ನಿಂಬೆಹುಳಿ ಎರಡೂ ಇದ್ದರೆ ರುಚಿ. ಹುಳಿ ಇಲ್ಲದಿದ್ದರೆ ಬರೀ ಬೆಲ್ಲದ ನೀರು, ಎರಡು ಗುಟುಕಿಗೆ ಮುಖ ತಿರುಗುತ್ತದೆ. ಅಷ್ಟೊಂದು ಸಕ್ಕರೆ ಇರುವ ಅಸೂ ವೈನ್ ಅಂಟು ಅಂಟಾಗದೆ ಕುಡಿಯಲು ಹಗುರ ಅನ್ನಿಸುವುದು ಫುರ್ಮಿಂಟ್‌ನ ಹುಳಿಯಿಂದ. ಈಗ ಅದೇ ಪಾನಕದಿಂದ ಬೆಲ್ಲ ತೆಗೆದುಬಿಡಿ. ನಿಂಬೆ ಒಂಟಿಯಾಗಿ ಎದ್ದು ಕಾಣುತ್ತದೆ. ಒಣ ಫುರ್ಮಿಂಟ್‌ನ ಮೊದಲ ಗುಟುಕಿನಲ್ಲಿ ಆಗುವುದು ಇದೇ. ಸಿಹಿ ನಿರೀಕ್ಷಿಸಿದ ನಾಲಿಗೆಗೆ ಅದು ಪೆಟ್ಟಿನ ಹಾಗೆ ಇರುತ್ತದೆ. ಹುಳಿ ಇರುತ್ತದೆ ಅಂತ ಗೊತ್ತಿದ್ದು ಊಟದ ಜೊತೆ ಕುಡಿದರೆ ಅನುಭವ ಬೇರೆ. ಎಣ್ಣೆ, ಬೆಣ್ಣೆಯ ಅಡುಗೆಯನ್ನು ಆ ಹುಳಿ ಹಗುರ ಮಾಡುತ್ತದೆ. ಅಲ್ಲಿನವರು ಪಾಪ್ರಿಕಾ (ಕೆಂಪು ಮೆಣಸಿನ ಪುಡಿ) ಹಾಕಿದ ಕೋಳಿ ಸಾರಿನ ಜೊತೆ, ಹಂದಿ ಮಾಂಸದ ಜೊತೆ, ನದಿ ಮೀನಿನ ಜೊತೆ ಇದನ್ನು ಕುಡಿಯುತ್ತಾರೆ.

ಒಂದೇ ತೋಟ, ಎರಡು ದಾರಿ

ಒಣ ವೈನ್ ದಾರಿ ಬೇರೆಯಾಗುವುದು ಕೊಯ್ಲಿನಲ್ಲಿ. ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮೊದಲ ವಾರಗಳ ಒಳಗೆ, ಬೂಷ್ಟು ಹಿಡಿಯುವ ಮೊದಲೇ, ಗಟ್ಟಿ ಗೊಂಚಲುಗಳನ್ನು ಕೊಯ್ಯುತ್ತಾರೆ. ಅಸೂಗೆ ಬೂಷ್ಟಿನ ಹಣ್ಣು ಹುಡುಕಿ ಆರಿಸುವ ಅದೇ ಕೈಗಳು ಇಲ್ಲಿ ಅದನ್ನು ಹುಡುಕಿ ತೆಗೆದುಹಾಕುತ್ತವೆ.

ಆಮೇಲೆ ಹಿಂಡುವುದು, ರಸ ತಿಳಿಯಾಗಲು ಬಿಡುವುದು, ಹುದುಗಿಸುವುದು. ಸ್ಟೀಲ್ ಟ್ಯಾಂಕಿನಲ್ಲಿ ಹುದುಗಿಸಿದರೆ ಹಣ್ಣಿನ ತಾಜಾತನ ಉಳಿಯುತ್ತದೆ. ಓಕ್ ಮರದ ಪೀಪಾಯಿಯಲ್ಲಿ ಇಟ್ಟರೆ ಸಣ್ಣಗೆ ಗಾಳಿ ತಾಗಿ ವೈನ್ ಮೈ ತುಂಬಿಕೊಳ್ಳುತ್ತದೆ, ಮರದ ವಾಸನೆಯೂ ಸೇರುತ್ತದೆ. ಜೆಂಪ್ಲೇನ್ ಬೆಟ್ಟದ ಕಾಡಿನಲ್ಲೇ ಒಳ್ಳೆಯ ಓಕ್ ಸಿಗುತ್ತದೆ. ಗೋಂಟ್ಸ್ ಎಂಬ ಊರಿನ ಹೆಸರಿನ 136 ಲೀಟರ್ ಪೀಪಾಯಿ ಇಲ್ಲಿನ ಹಳೆಯ ಅಳತೆ.

ಹುಳಿ ತೀರಾ ಜಾಸ್ತಿ ಅನ್ನಿಸಿದರೆ ಒಂದು ಉಪಾಯ ಇದೆ. ಹಸಿರು ಸೇಬಿನಲ್ಲಿರುವ ಚುರುಕು ಹುಳಿಯನ್ನು ಒಂದು ಬಗೆಯ ಬ್ಯಾಕ್ಟೀರಿಯಾ ಮೊಸರಿನಲ್ಲಿರುವ ಮೆತ್ತನೆಯ ಹುಳಿಯಾಗಿ ಬದಲಾಯಿಸುತ್ತದೆ. ಕೆಲವರು ಇದನ್ನು ನಡೆಯಲು ಬಿಡುತ್ತಾರೆ. ಫುರ್ಮಿಂಟ್‌ನ ಚುರುಕೇ ಅದರ ಜೀವ ಅನ್ನುವವರು ತಡೆಯುತ್ತಾರೆ. ಹಾಗಾಗಿ ಒಂದೇ ಊರಿನ ಎರಡು ಒಣ ಫುರ್ಮಿಂಟ್ ಒಂದೇ ಥರ ಇರಬೇಕಾಗಿಲ್ಲ.

ಇಷ್ಟು ದಿನ ಇದು ಎಲ್ಲಿತ್ತು?

ಟೊಕಾಯ್‌ನಲ್ಲಿ ಒಣ ವೈನ್ ಹೊಸದಲ್ಲ. ಬೂಷ್ಟು ಹಿಡಿಯದ ಹಣ್ಣಿನಿಂದ ಸಾದಾ ವೈನ್ ಮಾಡುವುದು ಹಿಂದಿನಿಂದಲೂ ಇತ್ತು. ಆದರೆ ಅದಕ್ಕೆ ಮರ್ಯಾದೆ ಇರಲಿಲ್ಲ. ಮನೆಯಲ್ಲಿ ಕುಡಿಯಲು, ಇಲ್ಲವೇ ಅಸೂ ಹಣ್ಣು ನೆನೆಸಲು ಅದು ಬಳಕೆಯಾಗುತ್ತಿತ್ತು. ಒಳ್ಳೆಯ ತೋಟ, ಒಳ್ಳೆಯ ಹಣ್ಣು, ಜನರ ಗಮನ ಎಲ್ಲ ಸಿಹಿ ವೈನ್‌ಗೆ ಮೀಸಲು. ಫ್ರಾನ್ಸಿನ ಅರಮನೆಗೂ ರಷ್ಯಾದ ಅರಮನೆಗೂ ಹೋಗುತ್ತಿದ್ದದ್ದು ಅಸೂ.

ಎರಡನೇ ಮಹಾಯುದ್ಧದ ಬಳಿಕ ಕಮ್ಯುನಿಸ್ಟ್ ಆಡಳಿತ ಬಂತು. ತೋಟ, ನೆಲಮಾಳಿಗೆ ಎಲ್ಲ ಸರ್ಕಾರದ ಕೈಗೆ ಹೋದವು. ದೊಡ್ಡ ಕೊಳ್ಳುಗ ಸೋವಿಯತ್ ಒಕ್ಕೂಟ. ಅದಕ್ಕೆ ಬೇಕಿದ್ದದ್ದು ಲೆಕ್ಕದಲ್ಲಿ ಜಾಸ್ತಿ ವೈನ್. ಕಡಿದಾದ ಇಳಿಜಾರಿಗೆ ಟ್ರ್ಯಾಕ್ಟರ್ ಹತ್ತುವುದಿಲ್ಲ ಅಂತ ಹಳೆಯ ಒಳ್ಳೆಯ ತೋಟಗಳನ್ನು ಪಾಳು ಬಿಟ್ಟರು. ಬಳ್ಳಿಗಳು ತಗ್ಗಿನ ಸಮತಟ್ಟು ಹೊಲಕ್ಕೆ ಇಳಿದವು. ಎಲ್ಲ ಕಡೆಯ ಹಣ್ಣನ್ನೂ ಒಟ್ಟಿಗೆ ಬೆರೆಸುತ್ತಿದ್ದರು. ಯಾವ ಗುಡ್ಡದ ರುಚಿ ಯಾವುದು ಅನ್ನುವ ನೆನಪೇ ಮಸುಕಾಯಿತು. ನನಗೆ ಈ ಕಥೆಯಲ್ಲಿ ತುಂಬಾ ಬೇಸರ ತರುವ ಭಾಗ ಇದು. ಮುನ್ನೂರು ವರ್ಷದ ತಿಳಿವಳಿಕೆ ನಲವತ್ತು ವರ್ಷದಲ್ಲಿ ಕೈಜಾರುವ ಹಂತಕ್ಕೆ ಬಂದಿತ್ತು.

1990ರ ಹೊತ್ತಿಗೆ ಆ ಆಡಳಿತ ಮುಗಿಯಿತು. ಬ್ರಿಟನ್, ಫ್ರಾನ್ಸ್, ಸ್ಪೇನ್‌ನಿಂದ ಹಣ ಹಾಕುವವರು ಬಂದರು. ಅವರೂ ಬಂದದ್ದು ಅಸೂಗಾಗಿಯೇ. ಆದರೆ ಒಂದು ತೊಂದರೆ ಕಾದಿತ್ತು. ಅಸೂ ಮಾಡಲು ಖರ್ಚು ವಿಪರೀತ. ಎಲ್ಲ ವರ್ಷವೂ ಬೂಷ್ಟು ಸರಿಯಾಗಿ ಬರುವುದಿಲ್ಲ. ಬಂದರೂ ಪೀಪಾಯಿಯಲ್ಲೇ ಕಡೇಪಕ್ಷ 18 ತಿಂಗಳು ಕೂರಿಸಬೇಕು. ಇಷ್ಟೆಲ್ಲ ಮಾಡಿದರೂ ಜನ ಸಿಹಿ ವೈನ್ ಕುಡಿಯುವುದು ಅಪರೂಪಕ್ಕೆ, ಅದೂ ಸಣ್ಣ ಲೋಟದಲ್ಲಿ. ವರ್ಷ ವರ್ಷ ಕೈಗೆ ಕಾಸು ಬರುವಂಥದ್ದು ಏನಾದರೂ ಬೇಕಿತ್ತು.

ಇಲ್ಲಿ ಬರುವ ಮುಖ್ಯ ಹೆಸರು ಇಶ್ತ್ವಾನ್ ಸೆಪ್ಶಿ. ಮಾದ್ ಊರಿನ ಈ ವೈನ್ ತಯಾರಕ ಅಸೂಗೆ ಮೊದಲೇ ಹೆಸರುವಾಸಿ. ಅವರು ‘ಊರಾದ್ಯ’ ಎಂಬ ಒಂದೇ ತೋಟದ ಫುರ್ಮಿಂಟ್‌ನಿಂದ 2000ನೇ ಇಸವಿಯ ಸುಗ್ಗಿಯ ಒಣ ವೈನ್ ಮಾಡಿದರು. ಬೇರೆ ಯಾವ ತೋಟದ ಹಣ್ಣೂ ಬೆರೆಸಲಿಲ್ಲ. ಬಳ್ಳಿಗೆ ಕಡಿಮೆ ಗೊಂಚಲು ಬಿಟ್ಟು, ಅಸೂಗೆ ಕೊಡುವಷ್ಟೇ ಗಮನ ಇದಕ್ಕೂ ಕೊಟ್ಟರು. ಅದನ್ನು ಕುಡಿದವರಿಗೆ ಫುರ್ಮಿಂಟ್ ಬಗ್ಗೆ ಇದ್ದ ಅಭಿಪ್ರಾಯವೇ ಬದಲಾಯಿತು. ಬೇರೆಯವರೂ ಹಿಂಬಾಲಿಸಿದರು. ಹಿಂದೆ ಪಾಳು ಬಿಟ್ಟಿದ್ದ ಇಳಿಜಾರುಗಳಲ್ಲಿ ಮತ್ತೆ ಬಳ್ಳಿ ನೆಟ್ಟರು. ಸೆಂಟ್ ತಮಾಶ್, ಕಿರಾಯ್ ಮುಂತಾದ ತೋಟಗಳ ಹೆಸರು ಒಣ ವೈನ್ ಲೇಬಲ್ ಮೇಲೆ ಕಾಣಿಸತೊಡಗಿದವು.

ಕಲ್ಲಿನ ರುಚಿ ವೈನ್‌ಗೆ ಬರುತ್ತದಾ?

ಟೊಕಾಯ್ ಒಣ ವೈನ್ ಬಗ್ಗೆ ಓದಿದರೆ ‘ಜ್ವಾಲಾಮುಖಿ ಮಣ್ಣಿನ ರುಚಿ’ ಅನ್ನುವ ಮಾತು ಎದುರಾಗುತ್ತದೆ. ಅಲ್ಲಿನ ಬೆಟ್ಟಗಳು ತಣ್ಣಗಾದ ಜ್ವಾಲಾಮುಖಿಗಳೇ. ಕೋಟಿ ವರ್ಷಕ್ಕೂ ಹಿಂದೆ ಉಕ್ಕಿದ ಬೂದಿ ಗಟ್ಟಿಯಾಗಿ ಆದ ಮೆತ್ತನೆ ಕಲ್ಲು ಎಲ್ಲೆಡೆ ಸಿಗುತ್ತದೆ. ಅದನ್ನೇ ಕೊರೆದು ನೆಲಮಾಳಿಗೆ ಮಾಡಿದ್ದಾರೆ. ಗೋಡೆಯ ಮೇಲೆ ಕಪ್ಪು ಮಖಮಲ್ಲಿನಂಥ ಬೂಷ್ಟು ಬೆಳೆದಿರುವ ಆ ಮಾಳಿಗೆಗಳಲ್ಲಿ ಬೇಸಿಗೆ, ಚಳಿಗಾಲ ಎರಡರಲ್ಲೂ ತಂಪು ಹೆಚ್ಚು ಕಡಿಮೆ ಒಂದೇ. ಟೊಕಾಯ್ ಪಟ್ಟಣದ ಪಕ್ಕದ ಗುಡ್ಡದ ಮೇಲೆ ಮಾತ್ರ ಗಾಳಿ ತಂದು ಹಾಕಿದ ನಯವಾದ ಧೂಳುಮಣ್ಣು ಹಾಸಿದೆ.

ಹಾಗಂತ ಕಲ್ಲು ಕರಗಿ ವೈನ್‌ಗೆ ಇಳಿಯುವುದಿಲ್ಲ. ಬೇರು ಕಲ್ಲಿನ ರುಚಿಯನ್ನು ಹಣ್ಣಿಗೆ ಸಾಗಿಸುವುದಿಲ್ಲ. ಮಣ್ಣು ಮಾಡುವ ಕೆಲಸ ಬೇರೆ. ಎಷ್ಟು ನೀರು ಹಿಡಿದಿಡುತ್ತದೆ, ಎಷ್ಟು ಬೇಗ ಬಿಸಿಯಾಗುತ್ತದೆ, ಬೇರು ಎಷ್ಟು ಆಳಕ್ಕೆ ಇಳಿಯಬೇಕು ಅನ್ನುವುದರ ಮೇಲೆ ಹಣ್ಣು ಮಾಗುವ ಬಗೆ, ಹುಳಿಯ ಪ್ರಮಾಣ ನಿಲ್ಲುತ್ತವೆ. ಧೂಳುಮಣ್ಣಿನ ತೋಟದ ವೈನ್ ಸಾಮಾನ್ಯವಾಗಿ ಮೆತ್ತಗೆ, ಬೇಗ ಕುಡಿಯಲು ಸಿದ್ಧ. ಕಲ್ಲು ನೆಲದ್ದು ಬಿಗಿ, ಕೆಲವು ವರ್ಷ ಕಾದರೆ ಬಿಚ್ಚಿಕೊಳ್ಳುತ್ತದೆ. ಅಸೂನಲ್ಲಿ ಬೂಷ್ಟು ಮತ್ತು ಸಕ್ಕರೆಯ ಅಬ್ಬರದಲ್ಲಿ ಈ ಸೂಕ್ಷ್ಮ ಮುಚ್ಚಿಹೋಗಬಹುದು. ಒಣ ವೈನ್‌ನಲ್ಲಿ ಅಡಗಲು ಜಾಗವೇ ಇಲ್ಲ. ಒಂದು ತೋಟಕ್ಕೂ ಪಕ್ಕದ ತೋಟಕ್ಕೂ ಇರುವ ವ್ಯತ್ಯಾಸ ನೇರವಾಗಿ ನಾಲಿಗೆಗೆ ಸಿಗುತ್ತದೆ. ಇದನ್ನು ಅಸೂಗಿಂತ ಕೆಳಗಿನ ದರ್ಜೆಯದು ಅಂತ ನೋಡಬಾರದು ಅಂತ ನನಗನ್ನಿಸುವುದು ಇದಕ್ಕೇ.

ಬಾಟಲಿ ಕೈಗೆ ಬಂದಾಗ

ಮೊದಲು ‘ಸಾರಜ್’ ಪದ ಹುಡುಕಿ. ಹಂಗೇರಿಯನ್ ಬರವಣಿಗೆಯಲ್ಲಿ ಎಸ್ ಮತ್ತು ಝಡ್ ಒಟ್ಟಿಗೆ ಬಂದರೆ ‘ಸ’ ಅಂತ ಓದಬೇಕು. ಹಾಗಾಗಿ ಲೇಬಲ್ ಮೇಲೆ ಅದು ಎಸ್, ಝಡ್, ಎ, ಆರ್, ಎ, ಝಡ್ ಅಂತ ಇರುತ್ತದೆ. ‘ಏದೆಶ್’ ಅಂದರೆ ಸಿಹಿ. ಇ, ಡಿ, ಇ, ಎಸ್ ಅಂತ ಬರೆಯುತ್ತಾರೆ. ‘ಸಾರಜ್’ ಪದದ ಮೊದಲು ‘ಫೇಲ್’ ಸೇರಿದ್ದರೆ ಅರೆ ಒಣ, ಸ್ವಲ್ಪ ಸಿಹಿ ಇರುತ್ತದೆ. ಹೊರದೇಶಕ್ಕೆ ಕಳಿಸುವ ಎಷ್ಟೋ ಬಾಟಲಿಗಳ ಮೇಲೆ ಸುಮ್ನೆ ‘ಡ್ರೈ’ ಅಂತಲೇ ಇರುತ್ತದೆ. ‘ದ್ಯೂಲೋ’ ಅಂತ ಕಂಡರೆ ಅದು ತೋಟ ಅನ್ನುವುದಕ್ಕೆ ಅವರ ಪದ. ಒಂದೇ ತೋಟದ ವೈನ್ ಅಂತ ತಿಳಿಯಿರಿ, ಬೆಲೆಯೂ ಹಾಗೇ ಇರುತ್ತದೆ.

ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿಯಬೇಡಿ. ಅಷ್ಟು ತಣ್ಣಗಿದ್ದರೆ ಹುಳಿ ಮಾತ್ರ ಗೊತ್ತಾಗಿ, ಮೊದಲೇ ಮೆಲ್ಲಗಿರುವ ಫುರ್ಮಿಂಟ್ ಪರಿಮಳ ಅಡಗಿಬಿಡುತ್ತದೆ. ಕಾಲು ಗಂಟೆ ಹೊರಗಿಟ್ಟು, 10–12 ಡಿಗ್ರಿಗೆ ಬಂದ ಮೇಲೆ ಚೆನ್ನ.

ಬಾಟಲಿಯ ಗಾತ್ರವೂ ಸುಳಿವು ಕೊಡುತ್ತದೆ. ಅಸೂ 500 ಮಿ.ಲೀ.ನ ಉದ್ದ ಕತ್ತಿನ ಸಣ್ಣ ಬಾಟಲಿಯಲ್ಲಿ ಬರುತ್ತದೆ. ಒಣ ಫುರ್ಮಿಂಟ್ ಎಲ್ಲ ವೈನ್‌ಗಳ ಹಾಗೆ 750 ಮಿ.ಲೀ. ಬಾಟಲಿಯಲ್ಲಿ. ಇದಕ್ಕೆ ಒಂದು ಅಪವಾದ ಇದೆ: ಸಮೊರೊದ್ನಿ. ಇದು ಪೋಲಿಷ್ ಮೂಲದ ಪದ, ‘ತಾನು ಹುಟ್ಟಿದ ಹಾಗೆ’ ಅಂತ ಅರ್ಥ. ಬೂಷ್ಟಿನ ಹಣ್ಣು, ಗಟ್ಟಿ ಹಣ್ಣು ಅಂತ ಬೇರೆ ಮಾಡದೆ ಇಡೀ ಗೊಂಚಲನ್ನೇ ಹಿಂಡಿ ಮಾಡುವ ವೈನ್. ಆ ವರ್ಷ ಬೂಷ್ಟು ಜಾಸ್ತಿ ಇದ್ದರೆ ಸಿಹಿಯಾಗುತ್ತದೆ, ಕಡಿಮೆ ಇದ್ದರೆ ಒಣ. ಒಣ ಸಮೊರೊದ್ನಿಯನ್ನು ಪೂರ್ತಿ ತುಂಬದ ಪೀಪಾಯಿಯಲ್ಲಿ ಇಡುತ್ತಾರೆ. ಮೇಲೆ ಯೀಸ್ಟ್ ಕೆನೆಯ ಹಾಗೆ ಪದರ ಕಟ್ಟುತ್ತದೆ. ಅದರಡಿ ವರ್ಷಗಟ್ಟಲೆ ಕೂತ ವೈನ್‌ಗೆ ಅಕ್ರೋಟ್‌ನಂಥ ರುಚಿ ಬರುತ್ತದೆ. ಫುರ್ಮಿಂಟ್‌ನ ಹಸಿರು ಸೇಬಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಸಿಹಿಯಾದರೂ ಒಣವಾದರೂ ಸಮೊರೊದ್ನಿ ಸಾಮಾನ್ಯವಾಗಿ ಅದೇ 500 ಮಿ.ಲೀ. ಬಾಟಲಿಯಲ್ಲೇ ಬರುತ್ತದೆ. ಆದ್ದರಿಂದ ಸಣ್ಣ ಬಾಟಲಿ ಕಂಡ ತಕ್ಷಣ ಸಿಹಿ ಅಂದುಕೊಳ್ಳಬೇಡಿ. ಹೆಸರಿನ ಪಕ್ಕದಲ್ಲಿ ‘ಸಾರಜ್’ ಇದೆಯೋ ‘ಏದೆಶ್’ ಇದೆಯೋ ಒಮ್ಮೆ ನೋಡಿಯೇ ಮುಚ್ಚಳ ತೆಗೆಯಿರಿ.